ಒಂದು ಅಡಿ ಪೆಟ್ರೋಲ್ ಪೈಪಿನ ಲೆಕ್ಕಾಚಾರ

ಹಳೆಯ ಜಾವಾ ಒಂದನ್ನು ಮತ್ತೆ ರಸ್ತೆಗಿಳಿಸಲು ಹೊರಟವರ ಖರ್ಚಿನ ಪಟ್ಟಿ ನೋಡಿ. ಟ್ಯಾಂಕಿಗೆ ಕ್ರೋಮ್, ಅದರ ಅಂಚಿಗೆ ಕೈಯಲ್ಲೇ ಎಳೆಸಿದ ಗೆರೆ, ಹೊಸ ಪಿಸ್ಟನ್ನು, ಸೀಟಿಗೆ ರೆಕ್ಸಿನ್, ಎರಡೂ ಕಡೆ ಸೈಲೆನ್ಸರ್. ಪಟ್ಟಿಯ ಕಟ್ಟಕಡೆಯಲ್ಲಿ, ಅದೂ ಮೆಕ್ಯಾನಿಕ್ ನೆನಪಿಸಿದರೆ, ಪೆಟ್ರೋಲ್ ಪೈಪು. ಅಂಗಡಿಯವರು ರೋಲಿನಿಂದ ಒಂದಡಿ ಕತ್ತರಿಸಿ ಕೊಡುತ್ತಾರೆ. ಯಾವ ರಬ್ಬರು ಎಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಇಡೀ ಗಾಡಿಯಲ್ಲಿ ಇಷ್ಟು ಅಗ್ಗದ, ಇಷ್ಟು ಅಪಾಯದ ಸಾಮಾನು ಬಹುಶಃ ಇನ್ನೊಂದಿಲ್ಲ. ಪೈಪು ಸೋರಿದರೆ ಪೆಟ್ರೋಲ್ ಬೀಳುವುದು ನೇರವಾಗಿ ಬಿಸಿ ಇಂಜಿನ್ನಿನ ಮೇಲೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದರೆ ಅಲ್ಲಿಂದ ಕೊನೆಯದಾಗಿ ಹೊರಬಂದ ಯೆಜ್ಡಿಗೂ ಈಗ ಮೂವತ್ತರ ಹತ್ತಿರದ ವಯಸ್ಸು. ಎಸ್ಕಾರ್ಟ್ಸ್‌ನವರ ಯಮಹಾ ಆರ್‌ಎಕ್ಸ್‌100 ಬಂದದ್ದು 1985ರಲ್ಲಿ. ಮದ್ರಾಸಿನ ಹಳೆಯ ಬುಲೆಟ್ಟುಗಳ ಮಾತು ಬಿಡಿ, ಅವು ಅಜ್ಜನ ಕಾಲದವು. ಈ ಗಾಡಿಗಳಿಗೆಲ್ಲ ಕಂಪನಿ ಕೊಟ್ಟ ಮೂಲ ಪೈಪು ಎಂದೋ ಹೋಗಿದೆ. ಈಗ ಇರುವುದು ಯಾವುದೋ ಊರಿನ ಯಾವುದೋ ಮೆಕ್ಯಾನಿಕ್ ಅಂದು ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿದ್ದು. ಆದ್ದರಿಂದ ‘ಹಳೆಯದು ಹೇಗಿತ್ತೋ ಹಾಗೇ ಕೊಡಿ’ ಎಂದು ತುಂಡು ಹಿಡಿದು ಅಂಗಡಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಅಳತೆಗೆ ಮಾತ್ರ ಅದು ಸಾಕ್ಷಿ, ಅದೂ ಅರ್ಧ ಸಾಕ್ಷಿ.

ಮೊದಲು ಈ ಪೈಪು ಮಾಡುವ ಕೆಲಸವೇನು ನೋಡೋಣ. ಈ ಬೈಕುಗಳಲ್ಲಿ ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕು ಮೇಲೆ, ಕಾರ್ಬುರೇಟರ್ ಕೆಳಗೆ, ನಡುವೆ ಪೆಟ್ರೋಲ್ ತೆರೆದು ಮುಚ್ಚುವ ಕಾಕು. ಪೆಟ್ರೋಲ್ ತನ್ನ ತೂಕದಿಂದಲೇ ಇಳಿಯುತ್ತದೆ. ತುಂಬಿದ ಟ್ಯಾಂಕಿನ ಮೇಲ್ಮಟ್ಟದಿಂದ ಕಾರ್ಬುರೇಟರಿಗೆ ಸುಮಾರು 30 ಸೆಂಟಿಮೀಟರ್ ಎತ್ತರ ಎಂದಿಟ್ಟುಕೊಂಡರೆ, ಪೈಪಿನೊಳಗಿನ ಒತ್ತಡ ಒಂದು ಪೌಂಡಿನ ಮೂರನೇ ಒಂದು ಭಾಗದಷ್ಟು. ಟೈರಿಗೆ ನಾವು 25 ಪೌಂಡ್ ಗಾಳಿ ಹೊಡೆಸುತ್ತೇವೆ. ಹಾಗಿರುವಾಗ ಅಂಗಡಿಯಲ್ಲಿ ‘ಇದು ನೂರು ಪೌಂಡ್ ತಾಳುತ್ತೆ ಸಾರ್, ಇನ್ನೂರು ತಾಳುತ್ತೆ’ ಎಂದು ಹೇಳುವ ಮಾತಿಗೆ ಬೆಲೆ ಕಟ್ಟುವುದು ಬೇಡ. ಬಾಯಲ್ಲಿ ಊದುವ ಗಾಳಿಯಷ್ಟೂ ಒತ್ತಡ ನಮ್ಮ ಪೈಪಿನಲ್ಲಿ ಇರುವುದಿಲ್ಲ. ಪೈಪು ಸಾಯುವುದು ಒತ್ತಡದಿಂದಲ್ಲ, ಒಳಗೆ ಹರಿಯುವ ದ್ರವದ ರಸಾಯನದಿಂದ, ಹೊರಗಿನ ಬಿಸಿಯಿಂದ, ಗಾಳಿಯ ಓಝೋನಿನಿಂದ. ನಾವು ದುಡ್ಡು ಕೊಡಬೇಕಾದದ್ದು ಕಣ್ಣಿಗೆ ಕಾಣದ ಒಳಪದರಕ್ಕೆ.

ಆ ದ್ರವವೂ ಈಗ ಹಳೆಯದಲ್ಲ. ಜಾವಾ ಹುಟ್ಟಿದ ಕಾಲದಲ್ಲಿ ಬಂಕಿನಲ್ಲಿ ಸಿಗುತ್ತಿದ್ದುದು ಸೀಸ ಬೆರೆತ ಪೆಟ್ರೋಲ್. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. ಆಮೇಲೆ ಎಥನಾಲ್. 2022ರ ಜೂನಿನಲ್ಲಿ ದೇಶ ಶೇ 10ರ ಮಿಶ್ರಣದ ಗುರಿ ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ಶೇ 20 ಎನ್ನುವುದೇ ಸಾಮಾನ್ಯ ಪೆಟ್ರೋಲ್ ಆಯಿತು. 2023ರ ಏಪ್ರಿಲ್‌ನಿಂದ ತಯಾರಾಗುವ ಹೊಸ ಗಾಡಿಗಳ ರಬ್ಬರು, ಪ್ಲಾಸ್ಟಿಕ್ಕು ಇದನ್ನು ತಾಳುವಂತಿರಬೇಕೆಂಬ ನಿಯಮವಿದೆ. 1978ರ ಯೆಜ್ಡಿ ರೋಡ್‌ಕಿಂಗ್‌ಗೆ ಯಾವ ನಿಯಮ? ಅದರ ಮಾಲೀಕರೇ ನಿಯಮ ಮಾಡಿಕೊಳ್ಳಬೇಕು.

ಎಥನಾಲ್ ಮತ್ತು ರಬ್ಬರಿನ ಸಂಬಂಧದಲ್ಲಿ ಒಂದು ವಿಚಿತ್ರವಿದೆ. ಪೆಟ್ರೋಲ್ ಪೈಪಿಗೆ ಬಹಳ ಕಾಲದಿಂದ ಬಳಸುತ್ತ ಬಂದಿರುವ ನೈಟ್ರೈಲ್ ರಬ್ಬರು ಬರೀ ಪೆಟ್ರೋಲಿಗೆ ಅಷ್ಟಾಗಿ ಬಗ್ಗುವುದಿಲ್ಲ. ಬರೀ ಎಥನಾಲ್‌ಗೂ ಅಷ್ಟಾಗಿ ಬಗ್ಗುವುದಿಲ್ಲ. ಎರಡನ್ನೂ ಬೆರೆಸಿದರೆ ಮಾತ್ರ ರಾತ್ರಿ ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತದೆ, ಎರಡರಲ್ಲಿ ಯಾವೊಂದೂ ಒಂಟಿಯಾಗಿ ಉಬ್ಬಿಸುವುದಕ್ಕಿಂತ ಹೆಚ್ಚು. ಹತ್ತಿಪ್ಪತ್ತು ಭಾಗ ಎಥನಾಲ್ ಇರುವ ಮಿಶ್ರಣ, ಅಂದರೆ ಈಗ ನಮ್ಮ ಬಂಕುಗಳಲ್ಲಿರುವುದೇ, ಈ ಕೆಲಸದಲ್ಲಿ ಜೋರು. ಉಬ್ಬಿದ ರಬ್ಬರು ಮೆತ್ತಗಾಗುತ್ತದೆ, ಕ್ಲಿಪ್ಪಿನಡಿ ಕುಸಿಯುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತು ಪೈಪು ಒಣಗಿದರೆ ಕುಗ್ಗಿ ಗಟ್ಟಿಯಾಗಿ ಬಿರಿಯುತ್ತದೆ. ದಿನಾ ಓಡುವ ಗಾಡಿಗಿಂತ ಭಾನುವಾರಕ್ಕೊಮ್ಮೆ ಹೊರಬರುವ ವಿಂಟೇಜ್ ಗಾಡಿಯ ಪೈಪು ಬೇಗ ಹಾಳಾಗುವುದಕ್ಕೆ ಈ ಉಬ್ಬು-ಕುಗ್ಗಿನ ಆಟವೇ ಕಾರಣ.

ಈಗ ಅಂಗಡಿಯ ಕಪಾಟಿಗೆ ಬರೋಣ.

ಎಲ್ಲರ ಕಣ್ಣು ಮೊದಲು ಹೋಗುವುದು ಪಾರದರ್ಶಕ ಪ್ಲಾಸ್ಟಿಕ್ ಪೈಪಿನ ಮೇಲೆ. ಪೆಟ್ರೋಲ್ ಇಳಿಯುವುದು ಕಾಣುತ್ತದೆ, ಗುಳ್ಳೆ ಕಾಣುತ್ತದೆ, ಅಗ್ಗ ಬೇರೆ. ಇದು ಪಿವಿಸಿ. ಮೂಲತಃ ಪಿವಿಸಿ ಗಡುಸು ವಸ್ತು; ಅದಕ್ಕೆ ಮೆದುಗೊಳಿಸುವ ಎಣ್ಣೆಯಂಥ ರಾಸಾಯನಿಕ ಬೆರೆಸಿ ಪೈಪು ಮಾಡುತ್ತಾರೆ. ಪೆಟ್ರೋಲ್ ಆ ರಾಸಾಯನಿಕವನ್ನು ತೊಳೆದು ತನ್ನ ಜತೆ ಒಯ್ಯುತ್ತದೆ. ಕೆಲವೇ ತಿಂಗಳಲ್ಲಿ ಪೈಪು ಹಳದಿ ತಿರುಗಿ, ಕುಗ್ಗಿ, ಮುಟ್ಟಿದರೆ ಗಾಜಿನಷ್ಟು ಗಡುಸಾಗುತ್ತದೆ. ಆಗ ಅದು ಕಾರ್ಬುರೇಟರಿನ ಮೂತಿಯ ಮೇಲೆ ಹಿಡಿತವಿಲ್ಲದೆ ಸುಮ್ಮನೆ ಕೂತಿರುತ್ತದೆ. ಒಂದು ಹೊಂಡ ಸಾಕು, ಕಳಚಲು. ಆರ್‌ಎಕ್ಸ್‌100 ಮತ್ತು ಯೆಜ್ಡಿ ಆಯಿಲ್‌ಕಿಂಗ್‌ನಂತೆ ಪ್ರತ್ಯೇಕ ಆಯಿಲ್ ಪಂಪ್ ಇರುವ ಗಾಡಿಗಳಲ್ಲಿ ಆಯಿಲ್ ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪು ಮಾತ್ರ ಪಾರದರ್ಶಕವಾಗಿದ್ದರೇ ಒಳ್ಳೆಯದು. ಅಲ್ಲಿ ಗಾಳಿಗುಳ್ಳೆ ಕಾಣುವುದು ಮುಖ್ಯ, 2ಟಿ ಆಯಿಲ್ ಪೆಟ್ರೋಲಿನ ಹಾಗೆ ಪ್ಲಾಸ್ಟಿಕ್ಕನ್ನು ತಿನ್ನುವುದೂ ಇಲ್ಲ.

ಕಂಪ್ರೆಸರ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ ನೀಲಿ ಪಾಲಿಯುರೆಥೇನ್ ಪೈಪನ್ನು ಕೆಲವರು ಬಳಸುತ್ತಾರೆ. ಅದು ಗಾಳಿಗೆಂದು ಮಾಡಿದ್ದು, ಒತ್ತಿ ಲಾಕ್ ಆಗುವ ಜೋಡಣೆಗಳಿಗೆಂದು ಅಳತೆ ಹಿಡಿದದ್ದು. ಹಿತ್ತಾಳೆ ಮೂತಿಯ ಮೇಲೆ ಸರಿಯಾಗಿ ಕೂರುವುದಿಲ್ಲ. ಸಿಲಿಕೋನ್ ಪೈಪು ನೋಡಲು ಚೆಂದ, ಕೆಂಪು ನೀಲಿ ಬಣ್ಣಗಳಲ್ಲಿ ಹೊಳೆಯುತ್ತದೆ, ಬಿಸಿಯನ್ನೂ ತಾಳುತ್ತದೆ. ಆದರೆ ಪೆಟ್ರೋಲಿನಲ್ಲಿ ಉಬ್ಬುತ್ತದೆ, ಆವಿಯನ್ನು ಹೊರಬಿಡುತ್ತದೆ. ರೇಡಿಯೇಟರ್ ನೀರಿನ ಇಪಿಡಿಎಂ ಪೈಪು ಇನ್ನೂ ಕೆಟ್ಟದು. ಹೊರಗಿನಿಂದ ನೈಟ್ರೈಲ್ ಪೈಪಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡೂ ಕಪ್ಪು ರಬ್ಬರೇ. ಪೆಟ್ರೋಲ್ ತಾಗಿದರೆ ಅದು ಬಹಳ ಬೇಗ ಊದಿಕೊಂಡು ಮೆತ್ತಗಾಗುತ್ತದೆ. ಅಡುಗೆ ಗ್ಯಾಸಿನ ಕಿತ್ತಳೆ ಪೈಪನ್ನು ತುಂಡು ಮಾಡಿ ಹಾಕಿದ ಮಹಾನುಭಾವರೂ ಇದ್ದಾರೆ. ‘ಗ್ಯಾಸೇ ತಡೀತದೆ, ಪೆಟ್ರೋಲ್ ತಡಿಯಲ್ವಾ?’ ಎಂಬುದು ಅವರ ವಾದ. ಅದು ಅನಿಲಕ್ಕೆ ಮಾಡಿದ್ದು, ದ್ರವ ಪೆಟ್ರೋಲಿಗಲ್ಲ ಎಂಬುದು ಅದಕ್ಕೆ ಉತ್ತರ.

ಹೀಗೆ ಕಳೆಯುತ್ತ ಬಂದರೆ ಉಳಿಯುವುದು ಎರಡೇ: ನೈಟ್ರೈಲ್ ಮತ್ತು ಫ್ಲೋರೋ ರಬ್ಬರ್. ನೈಟ್ರೈಲ್ ಎಂದರೂ ಒಂದೇ ಗುಣಮಟ್ಟವಲ್ಲ. ಅದರಲ್ಲಿ ಆಕ್ರಿಲೋನೈಟ್ರೈಲ್ ಅಂಶ ಹೆಚ್ಚಿದ್ದಷ್ಟೂ ಪೆಟ್ರೋಲ್ ತಾಳುವ ಶಕ್ತಿ ಹೆಚ್ಚು, ಚಳಿಯಲ್ಲಿ ಬಾಗುವ ಗುಣ ಕಡಿಮೆ. ನಮ್ಮ ಹವೆಗೆ ಎರಡನೆಯದು ಚಿಂತೆಯೇ ಅಲ್ಲ. ಮಡಿಕೇರಿಯ ಡಿಸೆಂಬರ್ ಬೆಳಗ್ಗೆಯೂ ರಬ್ಬರಿನ ಲೆಕ್ಕದಲ್ಲಿ ಬೆಚ್ಚಗೇ. ಒಳ್ಳೆಯ ತಯಾರಕರ ನೈಟ್ರೈಲ್ ಪೈಪು ಇ20 ಪೆಟ್ರೋಲಿನಲ್ಲೂ ಕೆಲಸ ಮಾಡುತ್ತದೆ, ಆದರೆ ಅದನ್ನು ಬಳಸಿ ಬಿಸಾಡುವ ಸಾಮಾನು ಎಂದು ತಿಳಿದು ಕಾಲಕಾಲಕ್ಕೆ ಬದಲಿಸಬೇಕು. ಫ್ಲೋರೋ ರಬ್ಬರನ್ನು ಅಂಗಡಿಗಳಲ್ಲಿ ‘ವೈಟಾನ್’ ಎಂದೇ ಕರೆಯುತ್ತಾರೆ. ಡ್ಯುಪಾಂಟ್ ಕಂಪನಿ 1950ರ ದಶಕದ ಕೊನೆಯಲ್ಲಿ ತಂದ ಹೆಸರು ಅದು. ಈಗ ಅದೇ ಜಾತಿಯ ಯಾವ ರಬ್ಬರಿಗೂ ಬಾಯಿಮಾತಿನಲ್ಲಿ ಅದೇ ಹೆಸರು. ಎಥನಾಲ್ ಮಿಶ್ರಣಕ್ಕೆ ಇದು ಬಹಳ ಕಡಿಮೆ ಉಬ್ಬುತ್ತದೆ, ಆವಿಯನ್ನೂ ಅಷ್ಟಾಗಿ ಹೊರಬಿಡುವುದಿಲ್ಲ. ಬೆಲೆ ನೈಟ್ರೈಲಿನ ಹಲವು ಪಟ್ಟು. ಆದರೆ ಲೆಕ್ಕ ಹಾಕಿ, ನಮಗೆ ಬೇಕಾದದ್ದು ಒಂದಡಿ, ಹೆಚ್ಚೆಂದರೆ ಒಂದೂವರೆ. ಟ್ಯಾಂಕಿನ ಕ್ರೋಮಿಗೆ ಸುರಿದ ದುಡ್ಡಿನ ಎದುರು ಇದು ಯಾವ ಲೆಕ್ಕ?

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಓಡುವ ಹಳೆಯ ಗಾಡಿಗೆ ಒಳಪದರ ಫ್ಲೋರೋ ರಬ್ಬರಿನದೇ ಇರಲಿ. ದಿನಾ ಓಡಿಸುವ, ಮನೆಯಲ್ಲೇ ಸರ್ವಿಸ್ ಮಾಡಿಕೊಳ್ಳುವ ಬುಲೆಟ್ಟಿಗೆ ಒಳ್ಳೆಯ ನೈಟ್ರೈಲ್ ಸಾಕು, ಎರಡು ವರ್ಷಕ್ಕೊಮ್ಮೆ ಬದಲಿಸುವ ಶಿಸ್ತು ಇದ್ದರೆ. ಆ ಶಿಸ್ತು ಇಲ್ಲ ಎಂದು ನಿಮಗೇ ಗೊತ್ತಿದ್ದರೆ ಮತ್ತೆ ಫ್ಲೋರೋ ರಬ್ಬರೇ.

ಪೈಪಿನ ಮೈಮೇಲೆ ಏನು ಅಚ್ಚಾಗಿದೆ ಎಂದು ಓದುವುದನ್ನು ಕಲಿಯಿರಿ, ಏಕೆಂದರೆ ಒಳಪದರ ನಿಮಗೆ ಕಾಣುವುದಿಲ್ಲ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯ ಎಸ್‌ಎಇ ಜೆ30 ಎಂಬ ಮಾನದಂಡ ಪೆಟ್ರೋಲ್ ಪೈಪುಗಳಿಗೆ ಜಗತ್ತಿನೆಲ್ಲೆಡೆ ನಡೆಯುತ್ತದೆ. ಅದರ ಹಿಂದೆ ಬರುವ ಅಕ್ಷರ-ಅಂಕಿಯೇ ಮುಖ್ಯ. ‘ಆರ್6’ ಹಳೆಯ ಕಾಲದ ಕಾರ್ಬುರೇಟರ್ ಗಾಡಿಗಳದು. ‘ಆರ್7’ ಕಡಿಮೆ ಒತ್ತಡದ ಪೆಟ್ರೋಲ್ ಮತ್ತು ಆವಿಗೆ, 50 ಪೌಂಡ್‌ವರೆಗೆ. ಸಾಮಾನ್ಯವಾಗಿ ನೈಟ್ರೈಲ್ ಒಳಮೈಯದು. ‘ಆರ್9’ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಿಗೆ, 100 ಪೌಂಡ್‌ವರೆಗೆ, ಒಳಗೆ ಫ್ಲೋರೋ ರಬ್ಬರಿನ ಪದರ. ‘ಆರ್10’ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುವ ಪೈಪು, ನಮಗೆ ಬೇಡ. ‘ಆರ್14’ ಕಡಿಮೆ ಒತ್ತಡದ್ದು, ಆವಿ ಹೊರಬಿಡದಂತೆ ನಡುವೆಯೋ ಒಳಗೋ ತಡೆಪದರ ಇರುವಂಥದ್ದು. ಕಾರ್ಬುರೇಟರ್ ಇರುವ ಹಳೆಯ ಬೈಕಿಗೆ ಹೇಳಿ ಮಾಡಿಸಿದ್ದು ಈ ಆರ್14. ಸಿಗದಿದ್ದರೆ ಆರ್9 ಆದೀತು, ಆದರೆ ಅದರ ಗೋಡೆ ದಪ್ಪ, ಬಗ್ಗಿಸಿದರೆ ಮುಷ್ಕರ ಹೂಡುತ್ತದೆ. ಬುಲೆಟ್ಟಿನಲ್ಲಿ ಕಾಕಿನಿಂದ ಕಾರ್ಬುರೇಟರಿಗೆ ಇರುವ ಅಂತರ ಚಿಕ್ಕದು. ಅಷ್ಟರಲ್ಲಿ ಗಡುಸು ಪೈಪನ್ನು ಬಗ್ಗಿಸಿ ಸಿಕ್ಕಿಸಿದರೆ ಅದು ಮತ್ತೆ ನೆಟ್ಟಗಾಗಲು ಹವಣಿಸುತ್ತ ಕಾರ್ಬುರೇಟರಿನ ಹಿತ್ತಾಳೆ ಮೂತಿಯನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತದೆ. ಕಾಲಕ್ರಮೇಣ ಮೂತಿಯೇ ಸಡಿಲವಾಗುತ್ತದೆ.

ಮೈಮೇಲೆ ಏನೂ ಅಚ್ಚಾಗಿಲ್ಲದ ಪೈಪನ್ನು ಎಷ್ಟೇ ಒಳ್ಳೆಯದೆಂದರೂ ಕೊಳ್ಳಬೇಡಿ. ತಯಾರಕರ ಹೆಸರು, ಮಾನದಂಡ, ಅಳತೆ, ತಯಾರಾದ ವರ್ಷ ಇವಿಷ್ಟು ಉದ್ದಕ್ಕೂ ಮತ್ತೆ ಮತ್ತೆ ಅಚ್ಚಾಗಿರಬೇಕು. ವರ್ಷ ಯಾಕೆಂದರೆ ರಬ್ಬರು ಬಳಸದೆಯೂ ಮುದಿಯಾಗುತ್ತದೆ. ಅಂಗಡಿಯ ಬಾಗಿಲಲ್ಲಿ ಬಿಸಿಲಿಗೆ ನೇತಾಡುವ ರೋಲು ಹತ್ತು ವರ್ಷ ಹಳೆಯದಿದ್ದರೂ ಮಾರುವವರಿಗೆ ಹೊಸದೇ. ‘ಓಲ್ಡ್ ಸ್ಟಾಕ್ ಒರಿಜಿನಲ್’ ಎಂಬ ಮಾತು ಜಾವಾ ಪ್ರಿಯರ ಕಿವಿಗೆ ಇಂಪು. ಟೈಲ್ ಲ್ಯಾಂಪಿಗೆ, ಸ್ಪೀಡೋಮೀಟರಿಗೆ ಅದು ಸರಿ. ರಬ್ಬರಿಗೆ ಮಾತ್ರ ಹಳೆಯ ಸ್ಟಾಕು ಬೇಡವೇ ಬೇಡ.

ಅಳತೆಯ ವಿಷಯದಲ್ಲಿ ಹಳೆಯ ಪೈಪು ಅರ್ಧ ಸಾಕ್ಷಿ ಎಂದೆ. ಅದು ಉಬ್ಬಿ, ಹಿಗ್ಗಿ ತನ್ನ ಮೂಲ ಅಳತೆ ಕಳೆದುಕೊಂಡಿರುತ್ತದೆ. ಅಳೆಯಬೇಕಾದದ್ದು ಕಾಕಿನ ಮೂತಿ ಮತ್ತು ಕಾರ್ಬುರೇಟರಿನ ಮೂತಿ, ವರ್ನಿಯರ್ ಕ್ಯಾಲಿಪರಿನಿಂದ. ಮೂತಿಯ ತುದಿಯಲ್ಲಿ ಉಬ್ಬಿರುವ ಏಣು ಬೇರೆ, ಅದರ ಹಿಂದಿನ ನೇರ ಭಾಗ ಬೇರೆ. ಪೈಪಿನ ಒಳವ್ಯಾಸ ಆ ನೇರ ಭಾಗದಷ್ಟು ಅಥವಾ ಕೂದಲೆಳೆಯಷ್ಟು ಕಡಿಮೆ ಇರಬೇಕು. ಏಣನ್ನು ದಾಟುವಾಗ ಬಿಗಿಯಾಗಿ ಹಿಗ್ಗಬೇಕು. ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಇಂಚಿನ ಲೆಕ್ಕ: ಕಾಲು ಇಂಚು ಎಂದರೆ 6.35 ಮಿಲಿಮೀಟರ್, ಐದು ಹದಿನಾರನೇ ಇಂಚು ಎಂದರೆ 7.94. ಜೆಕ್ ಮೂಲದ ಜಾವಾ, ಜಪಾನಿನ ಯಮಹಾ ಮಿಲಿಮೀಟರಿನವು. 6 ಮಿಲಿಮೀಟರ್ ಪೈಪು ಕಾಲು ಇಂಚಿನ ಮೂತಿಗೆ ಚೆನ್ನಾಗಿ ಕೂರುತ್ತದೆ. ಕಾಲು ಇಂಚಿನ ಪೈಪು 6 ಮಿಲಿಮೀಟರ್ ಮೂತಿಗೆ ಕ್ಲಿಪ್ಪಿನ ದಯೆಯಿಂದ ನಿಲ್ಲುತ್ತದೆ. ಈ ಮೂರನೇ ಒಂದು ಮಿಲಿಮೀಟರಿನ ವ್ಯತ್ಯಾಸವೇ ಎಷ್ಟೋ ಸೋರಿಕೆಗಳ ಮೂಲ. ಜತೆಗೆ ಕಾಕು ಬದಲಾಗಿರುವ ಗಾಡಿಗಳೇ ಹೆಚ್ಚು. ಎರಡು ತುದಿಗಳ ಅಳತೆ ಬೇರೆ ಬೇರೆ ಇರಬಹುದು. ಹಾಗಿದ್ದರೆ ಪೈಪನ್ನು ಹಿಗ್ಗಿಸುವ ಬದಲು ಸರಿಯಾದ ಕಾಕು ಹುಡುಕುವುದೇ ಜಾಣತನ.

ಕೊಳ್ಳುವುದೆಲ್ಲಿ? ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದೆ. ಅಲ್ಲಿ ಬೈಕಿನ ಬಿಡಿಭಾಗದ ಅಂಗಡಿಗಿಂತ ಕಾರು-ಲಾರಿಯ ಹೋಸ್ ಮಾರುವ ಅಂಗಡಿಗೆ ಹೋಗುವುದು ಲಾಭ. ಬೈಕಿನ ಅಂಗಡಿಯಲ್ಲಿ ‘ಯಾವ ಗಾಡಿಗೆ?’ ಎಂದು ಕೇಳುತ್ತಾರೆ, ಹೋಸಿನ ಅಂಗಡಿಯಲ್ಲಿ ‘ಯಾವ ಸೈಜು, ಯಾವ ಗ್ರೇಡು?’ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆ ಕೇಳುವವರೇ ನಮಗೆ ಬೇಕಾದವರು. ಚೆನ್ನೈಯಲ್ಲಿರುವ ಕನ್ನಡಿಗರಿಗೆ ಪುದುಪೇಟೆ, ದೆಹಲಿಯವರಿಗೆ ಕರೋಲ್ ಬಾಗ್ ಗೊತ್ತಿರುವಂಥದ್ದೇ. ‘ವೈಟಾನ್’ ಎಂದು ಹೇಳಿ ಕೊಟ್ಟರೆ ಬಿಲ್ಲಿನಲ್ಲಿ ಹಾಗೆಂದು ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು. ಪೈಪಿನ ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಹೊರಗಿನ ರಬ್ಬರು, ನಡುವೆ ನೂಲಿನ ಹೆಣಿಗೆ, ಒಳಗಿನ ರಬ್ಬರು ಪ್ರತ್ಯೇಕವಾಗಿ ಕಾಣಬೇಕು. ಒಂದೇ ಪದರದ ದಪ್ಪ ಕಪ್ಪು ರಬ್ಬರು ಮಾತ್ರ ಕಂಡರೆ ಅದು ಕಾರ್ಬುರೇಟರಿನಿಂದ ಹೆಚ್ಚುವರಿ ಪೆಟ್ರೋಲನ್ನು ನೆಲಕ್ಕೆ ಬಿಡುವ ಓವರ್‌ಫ್ಲೋ ಪೈಪಿಗೆ ಸಾಕು, ಅಷ್ಟೆ.

ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಸಾಧ್ಯ. ಎರಡು ಇಂಚಿನ ತುಂಡು ಕತ್ತರಿಸಿ ಅದರ ಉದ್ದ, ಹೊರವ್ಯಾಸ ಬರೆದಿಟ್ಟುಕೊಳ್ಳಿ. ಮುಚ್ಚಳ ಬಿಗಿಯಾದ ಗಾಜಿನ ಜಾಡಿಯಲ್ಲಿ ಬಂಕಿನ ಪೆಟ್ರೋಲ್ ಹಾಕಿ, ತುಂಡನ್ನು ಮುಳುಗಿಸಿ, ಅಡುಗೆಮನೆಯಿಂದ, ಮಕ್ಕಳ ಕೈಯಿಂದ, ಬಿಸಿಲಿನಿಂದ ದೂರ ಹೊರಗಡೆ ನೆರಳಿನಲ್ಲಿ ಒಂದು ವಾರ ಇಡಿ. ಜಾಡಿಯ ಮೇಲೆ ‘ಪೆಟ್ರೋಲ್’ ಎಂದು ದೊಡ್ಡದಾಗಿ ಬರೆಯಿರಿ. ವಾರದ ನಂತರ ತೆಗೆದ ಕೂಡಲೇ ಅಳೆಯಿರಿ. ಒಳ್ಳೆಯ ಪೈಪು ಅಲ್ಪಸ್ವಲ್ಪ ಉಬ್ಬಿದರೂ ಕೈಗೆ ಹಿಂದಿನಷ್ಟೇ ಬಿಗಿಯಾಗಿರುತ್ತದೆ. ಕೆಟ್ಟದ್ದು ಬೆರಳಿನಿಂದ ಒತ್ತಿದರೆ ಮೆತ್ತಗೆ ಕುಸಿಯುತ್ತದೆ, ಪೆಟ್ರೋಲಿನ ಬಣ್ಣ ಕಪ್ಪಾಗಿಸಿರುತ್ತದೆ, ಒಳಗೆ ಉಜ್ಜಿದರೆ ಬೆರಳಿಗೆ ಮಸಿ ಹತ್ತುತ್ತದೆ. ಆಮೇಲೆ ಗಾಳಿಗೆ ಒಣಗಲು ಬಿಟ್ಟು ಮತ್ತೆ ಬಗ್ಗಿಸಿ ನೋಡಿ. ಬಿರುಕು ಕಂಡರೆ ಉಳಿದ ಪೈಪನ್ನು ಗಿಡಕ್ಕೆ ನೀರು ಹಾಯಿಸಲು ಬಳಸಿ.

ಜೋಡಿಸುವ ದಿನ ಟ್ಯಾಂಕು ಆದಷ್ಟು ಖಾಲಿ ಇರಲಿ, ಗಾಡಿ ಗಾಳಿಯಾಡುವ ಕಡೆ ಇರಲಿ, ಇಂಜಿನ್ ತಣ್ಣಗಿರಲಿ, ಬ್ಯಾಟರಿಯ ಒಂದು ವೈರು ಬಿಚ್ಚಿರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ಹರಡಿ ದೂರದ ಕಿಡಿಯವರೆಗೂ ಹೋಗುತ್ತದೆ. ನಮ್ಮಲ್ಲಿ ಹಳೆಯ ಗಾಡಿಗಳನ್ನು ಸರ್ವಿಸ್ ಮಾಡಿ ಸಿಂಗರಿಸುವುದು ಹೆಚ್ಚಾಗಿ ಆಯುಧಪೂಜೆಯ ಮುನ್ನಾದಿನ. ಪೈಪು ಬದಲಿಸಿ, ಕೆಳಗೆ ಚೆಲ್ಲಿದ ಪೆಟ್ರೋಲ್ ಒಣಗುವ ಮೊದಲೇ ಕರ್ಪೂರ ಹಚ್ಚಿ ಮಂಗಳಾರತಿ ಎತ್ತುವ ಅವಸರ ಬೇಡ. ಗಾಡಿಯನ್ನು ಬೇರೆ ಕಡೆ ತಳ್ಳಿ ನಿಲ್ಲಿಸಿ ಪೂಜೆ ಮಾಡಿದರಾಯಿತು.

ಹಳೆಯ ಪೈಪು ಬರುವುದಿಲ್ಲವೆಂದು ಪ್ಲೈಯರ್ ಹಾಕಿ ತಿರುಚಬೇಡಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ಹಿತ್ತಾಳೆಗೆ ಗೀರು ಬೀಳದಂತೆ. ಹೊಸದನ್ನು ಹೊಸ ಬ್ಲೇಡಿನಿಂದ ಒಂದೇ ಸಲಕ್ಕೆ ಅಡ್ಡಕ್ಕೆ ನೇರವಾಗಿ ಕತ್ತರಿಸಿ. ಗರಗಸ ಹಾಕಿದರೆ ರಬ್ಬರಿನ ಪುಡಿ ಒಳಗೆ ಉಳಿಯುತ್ತದೆ. ಕತ್ತರಿಸಿದ ಮೇಲೆ ಒಂದಿಷ್ಟು ಪೆಟ್ರೋಲ್ ಹಾಯಿಸಿ ತೊಳೆಯಲೇಬೇಕು. ಆ ಪುಡಿಯ ಒಂದು ಕಣ ಕಾರ್ಬುರೇಟರಿನೊಳಗೆ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ಲಿನ ಕೆಳಗೆ ಕೂತರೂ ಸಾಕು, ಕಾರ್ಬುರೇಟರ್ ಉಕ್ಕಿ ಹರಿಯುತ್ತದೆ, ನೀವು ಹೊಸ ಪೈಪನ್ನು ಬೈಯುತ್ತೀರಿ. ಬಿಗಿಯಾದ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ನೇರವಾಗಿ ತಳ್ಳಿ. ತಡೆಪದರ ಇರುವ ಆರ್14 ಪೈಪನ್ನು ಓರೆಯಾಗಿ ತಿರುಚುತ್ತ ನೂಕಿದರೆ ಏಣಿನ ಅಂಚಿಗೆ ಸಿಕ್ಕಿ ಒಳಪದರ ಕಿತ್ತು ಬರುತ್ತದೆ. ಕಿತ್ತ ಪದರ ಒಳಗೇ ಮಡಿಚಿಕೊಂಡು ಪೆಟ್ರೋಲಿಗೆ ಅಡ್ಡ ನಿಂತರೆ, ಆ ದೋಷವನ್ನು ಹೊರಗಿನಿಂದ ಕಂಡುಹಿಡಿಯಲು ಎಂಥ ಮೆಕ್ಯಾನಿಕ್‌ಗೂ ಆಗದು.

ಉದ್ದ ಎಷ್ಟು? ಪೈಪು ಎಳೆದು ಬಿಗಿಯಾಗಿರಬಾರದು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಕೇಬಲ್ಲುಗಳಿಗೆ ಉಜ್ಜಬಾರದು, ಸಿಲಿಂಡರಿನ ರೆಕ್ಕೆಗಳಿಗೆ ತಾಗಬಾರದು. ಹಾಗೆಂದು ಉದ್ದ ಬಿಟ್ಟು, ನಡುವೆ ಮೇಲೆದ್ದು ಮತ್ತೆ ಇಳಿಯುವ ಬಾಗು ಉಂಟಾದರೆ ಅಲ್ಲಿ ಗಾಳಿ, ಆವಿ ನಿಲ್ಲುತ್ತದೆ. ಬಿಸಿಲಿನಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಕೆಮ್ಮಿ ನಿಂತು, ತಣಿದ ಮೇಲೆ ತಾನಾಗಿ ಸರಿಹೋಗುವ ಬುಲೆಟ್ಟಿನಲ್ಲಿ ನೋಡಬೇಕಾದ ಮೊದಲ ಜಾಗ ಇದು. ಎಥನಾಲ್ ಬೆರೆತ ಪೆಟ್ರೋಲ್ ಬೇಗ ಆವಿಯಾಗುವುದರಿಂದ ಈ ಎಚ್ಚರ ಈಗ ಇನ್ನೂ ಬೇಕು. ಕಾಕಿನಿಂದ ಕಾರ್ಬುರೇಟರಿನವರೆಗೆ ಇಳಿಜಾರು ಒಂದೇ ದಿಕ್ಕಿನದಾಗಿರಲಿ. ಕಾರ್ಬುರೇಟರಿಗೆ ಅಲ್ಯೂಮಿನಿಯಂ ಕವರು ಇರುವ ಹಳೆಯ ಜಾವಾದಲ್ಲಿ ಪೈಪಿನ ಕೆಳತುದಿ ಕಣ್ಣಿಗೆ ಬೀಳುವುದಿಲ್ಲ; ಕವರು ಬಿಚ್ಚಿ ನೋಡದ ಸೋಮಾರಿತನಕ್ಕೆ ಅಲ್ಲಿ ಸೋರಿಕೆ ಬಹಳ ದಿನ ಬದುಕುತ್ತದೆ. ಅದರ ಜಿಕೋವ್ ಕಾರ್ಬುರೇಟರಿನಲ್ಲಿ ಗುಂಡಿ ಒತ್ತಿ ಪೆಟ್ರೋಲ್ ಉಕ್ಕಿಸಿಯೇ ಸ್ಟಾರ್ಟ್ ಮಾಡುವ ರೂಢಿಯಿಂದ ಪೈಪಿನ ಹೊರಮೈಯೂ ಪೆಟ್ರೋಲಿನಲ್ಲಿ ತೊಯ್ಯುತ್ತದೆ. ಒಳಗಷ್ಟೇ ಅಲ್ಲ, ಹೊರಗಿನ ರಬ್ಬರೂ ಪೆಟ್ರೋಲ್ ತಾಳುವಂಥದ್ದಾಗಿರಬೇಕು.

ಕ್ಲಿಪ್ಪಿನ ಬಗ್ಗೆ ನನಗೆ ಹಟವಿದೆ. ತಾಮ್ರದ ಬೈಂಡಿಂಗ್ ವೈರನ್ನು ಸುತ್ತಿ ಪ್ಲೈಯರಿನಿಂದ ತಿರುಚುವ ಪದ್ಧತಿ ನಮ್ಮ ಮೆಕ್ಯಾನಿಕ್‌ಗಳಲ್ಲಿ ಇನ್ನೂ ಇದೆ. ವೈರು ರಬ್ಬರನ್ನು ಕೊಯ್ಯುತ್ತದೆ. ಹಲ್ಲಿರುವ ಸ್ಕ್ರೂ ಕ್ಲ್ಯಾಂಪುಗಳು ದೊಡ್ಡ ಪೈಪಿಗೆ ಸರಿ, ಇಷ್ಟು ಸಣ್ಣ ವ್ಯಾಸದಲ್ಲಿ ಅವು ದುಂಡಾಗಿ ಕೂರದೆ ಒಂದು ಕಡೆ ಒತ್ತಿ ಇನ್ನೊಂದು ಕಡೆ ಸಡಿಲ ಬಿಡುತ್ತವೆ. ಪಟ್ಟಿಯ ಸೀಳುಗಳ ಅಂಚಿಗೆ ರಬ್ಬರು ಸಿಗುತ್ತದೆ. ಎರಡು ಸುತ್ತಿನ ಸ್ಪ್ರಿಂಗ್ ತಂತಿಯ ಕ್ಲಿಪ್ಪು ಅಥವಾ ಚಪ್ಪಟೆ ಸ್ಪ್ರಿಂಗ್ ಪಟ್ಟಿಯ ಕ್ಲಿಪ್ಪು ಸಾಕು, ಅದೇ ಉತ್ತಮ. ರಬ್ಬರು ಉಬ್ಬಿದರೆ ತಾನೂ ಹಿಗ್ಗುತ್ತದೆ, ಕುಗ್ಗಿದರೆ ತಾನೂ ಬಿಗಿಯುತ್ತದೆ. ಅದನ್ನು ಏಣಿನ ಮೇಲಲ್ಲ, ಏಣು ದಾಟಿದ ನೇರ ಭಾಗದ ಮೇಲೆ ಕೂರಿಸಬೇಕು. ಕ್ಲಿಪ್ಪನ್ನು ಪೈಪಿನ ಹೊರವ್ಯಾಸಕ್ಕೆ ತಕ್ಕಂತೆ ಆರಿಸಬೇಕು, ಒಳವ್ಯಾಸಕ್ಕಲ್ಲ. ದಪ್ಪ ಗೋಡೆಯ ಪೈಪು ಕೊಂಡಾಗ ಹಳೆಯ ಕ್ಲಿಪ್ಪು ಹಿಡಿಯುವುದೇ ಇಲ್ಲ.

ನಡುವೆ ಫಿಲ್ಟರ್ ಹಾಕಿಸಿ ಎಂಬ ಸಲಹೆ ಎಲ್ಲರಿಂದಲೂ ಬರುತ್ತದೆ. ತುಕ್ಕು ಹಿಡಿದ ಟ್ಯಾಂಕಿಗೆ ಅದು ತಾತ್ಕಾಲಿಕ ಉಪಾಯ, ಔಷಧಿಯಲ್ಲ. ಒಂದು ಫಿಲ್ಟರ್ ಎಂದರೆ ಎರಡು ಹೆಚ್ಚುವರಿ ಜೋಡಣೆ, ಎರಡು ಹೆಚ್ಚುವರಿ ಸೋರುವ ಜಾಗ. ಹಾಕುವುದೇ ಆದರೆ ಕಾಗದದ್ದು ಬೇಡ. ಪಂಪಿನ ತಳ್ಳುವಿಕೆ ಇಲ್ಲದೆ ಅದರಲ್ಲಿ ಪೆಟ್ರೋಲ್ ಸಲೀಸಾಗಿ ಇಳಿಯುವುದಿಲ್ಲ. ಸಣ್ಣ ಜಾಲರಿಯದು ಇರಲಿ.

ಹರಿವು ಸಾಕೇ ಎಂದು ತಿಳಿಯಲು ಸುಲಭದ ದಾರಿ ಇದೆ. ಪೈಪಿನ ಕೆಳತುದಿಯನ್ನು ಕಾರ್ಬುರೇಟರಿನ ಮೂತಿಯ ಮಟ್ಟದಲ್ಲೇ ಹಿಡಿದು, ಕಾಕು ತೆರೆದು, ಒಂದು ನಿಮಿಷ ಅಳತೆಯ ಬಾಟಲಿಗೆ ಬಿಡಿ. ಲೀಟರಿಗೆ 25 ಕಿ.ಮೀ. ಕೊಡುವ ಗಾಡಿ ಗಂಟೆಗೆ 75 ಕಿ.ಮೀ. ವೇಗದಲ್ಲಿ ಕುಡಿಯುವುದು ಗಂಟೆಗೆ 3 ಲೀಟರ್, ಅಂದರೆ ನಿಮಿಷಕ್ಕೆ 50 ಮಿಲಿ. ಬಾಟಲಿಯಲ್ಲಿ ಅದರ ಮೂರ್ನಾಲ್ಕು ಪಟ್ಟು ಸೇರಿದರೆ ನಿಶ್ಚಿಂತೆ. ಮೊದಲು ಜೋರಾಗಿ ಬಂದು ಬರಬರುತ್ತ ಸೊರಗಿದರೆ ಪೈಪಿನ ತಪ್ಪಲ್ಲ, ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ತೂತು ಮುಚ್ಚಿದೆ.

ಇನ್ನು ಅಂದದ ಮಾತು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನದಂದು ಸಾಲಾಗಿ ನಿಲ್ಲುವ ಗಾಡಿಗಳಲ್ಲಿ ನೀಲಿ, ಕೆಂಪು ಪೈಪು ಕಂಡರೆ ಹಳಬರ ಮುಖ ಗಂಟಾಗುತ್ತದೆ, ನ್ಯಾಯವಾಗಿಯೇ. ಜರ್ಮನ್ ಗಾಡಿಗಳ ಮಾದರಿಯಲ್ಲಿ ಮೇಲೆ ಹತ್ತಿ ನೂಲಿನ ಹೆಣಿಗೆ ಇರುವ ಕಪ್ಪು ಪೈಪು ಹಳೆಯ ಬೈಕಿಗೆ ಬಹಳ ಒಪ್ಪುತ್ತದೆ. ಆದರೆ ಹೆಣಿಗೆ ಒಳಗಿನ ಬಿರುಕನ್ನು ಮುಚ್ಚಿಡುತ್ತದೆ. ನೂಲು ಒದ್ದೆಯಾಗಿ ಕಪ್ಪಗಾಗುವ ಹೊತ್ತಿಗೆ ರಬ್ಬರು ಎಂದೋ ಒಡೆದಿರುತ್ತದೆ. ಹಾಕಲೇಬೇಕೆಂದರೆ ಒಳಗೆ ಫ್ಲೋರೋ ರಬ್ಬರು ಇರುವುದನ್ನೇ ಹುಡುಕಿ, ಇಲ್ಲವೇ ಸಾದಾ ಕಪ್ಪು ಪೈಪನ್ನೇ ಹಾಕಿ. ಸ್ಟೀಲ್ ಹೆಣಿಗೆಯ ಪೈಪು ರೇಸಿನ ಗಾಡಿಗೆ ಇರಲಿ. ಅದು ತಾಗಿದ ಕಡೆಯೆಲ್ಲ ನಿಮ್ಮ ಹೊಸ ಪೇಂಟನ್ನು ಅರದಂತೆ ಉಜ್ಜುತ್ತದೆ.

ಹೊಸ ಪೈಪು ಹಾಕಿದ ಮೇಲೆ ಕಾಕು ತೆರೆದು ಹತ್ತು ನಿಮಿಷ ಕಾದು, ಎರಡೂ ತುದಿಗಳ ಕೆಳಗೆ ಟಿಶ್ಯೂ ಕಾಗದ ಒತ್ತಿ ನೋಡಿ. ಮೊದಲ ಸವಾರಿಯ ನಂತರ ಬಿಸಿಯಿರುವಾಗ ಮತ್ತೊಮ್ಮೆ, ಒಂದು ವಾರದ ನಂತರ ಇನ್ನೊಮ್ಮೆ. ಆಮೇಲೆ ಪ್ರತಿ ಸರ್ವಿಸ್‌ನಲ್ಲಿ ಪೈಪನ್ನು ಹೆಬ್ಬೆರಳಿನಿಂದ ಒತ್ತಿ, ಬಾಗಿದ ಜಾಗದ ಹೊರಮೈ ನೋಡಿದರಾಯಿತು, ಸೂಕ್ಷ್ಮ ಬಿರುಕು ಮೊದಲು ಅಲ್ಲೇ ಮೂಡುವುದು. ಎಂದಾದರೂ ಗಾಡಿ ಸುಟ್ಟುಹೋದರೆ, ಸುಟ್ಟ ಫ್ಲೋರೋ ರಬ್ಬರನ್ನು ಬರಿಗೈಯಿಂದ ಮುಟ್ಟಬೇಡಿ. ಅದರಲ್ಲಿ ಚರ್ಮ, ಮೂಳೆಯನ್ನು ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲ ಉಳಿದಿರಬಹುದು.

ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಕಾಕು ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಿ. ದಿನದ ಬಳಕೆಯಲ್ಲೂ ನಿಲ್ಲಿಸಿದ ಕೂಡಲೇ ಕಾಕು ಮುಚ್ಚುವ ಅಭ್ಯಾಸವಿರಲಿ, ಟೂ ಸ್ಟ್ರೋಕ್ ಗಾಡಿಗಳಲ್ಲಿ ವಿಶೇಷವಾಗಿ. ನೀಡಲ್ ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ಇಳಿದ ಪೆಟ್ರೋಲ್ ಕ್ರ್ಯಾಂಕ್ ಕೇಸಿನಲ್ಲಿ ತುಂಬಿ ಬೆಳಗ್ಗೆ ಕಿಕ್ಕರ್ ಅಲುಗುವುದಿಲ್ಲ. ಕೊಳ್ಳುವಾಗ ಬೇಕಾದದ್ದಕ್ಕಿಂತ ಅರ್ಧ ಅಡಿ ಹೆಚ್ಚು ಕತ್ತರಿಸಿಕೊಂಡು, ಎರಡು ಕ್ಲಿಪ್ಪಿನ ಜತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿಡಿ, ಕವರಿನ ಮೇಲೆ ಕೊಂಡ ತಿಂಗಳು, ವರ್ಷ ಬರೆದು.